ತಂಪು ಸಾಲದ ನೀಲಿ

ಮಧ್ಯಾಹ್ನದ ಹೊತ್ತಿಗೆ ಗೇಟಿನ ಪಕ್ಕದ ಸಿಮೆಂಟು ಕಟ್ಟೆ ಕಾದ ಹೆಂಚಾಗುತ್ತಿತ್ತು. ಅಲ್ಲೊಂದು ಮರವಿತ್ತಂತೆ; ಹೊಸ ಮನೆಯ ಮುಖ ರಸ್ತೆಗೆ ಚೆನ್ನಾಗಿ ಕಾಣಲೆಂದು ಕಡಿಸಿದ್ದರು. ಬಣ್ಣ ಹೊಡೆಯುವ ಬ್ರಷ್ಷಕ್ಕ ಖಾಲಿ ಸಿಮೆಂಟು ಚೀಲವನ್ನು ಮಡಚಿ ಕಟ್ಟೆಯ ಮೇಲೆ ಹಾಸಿದಳು. ಜೊತೆಗೆ ಕೆಲಸಕ್ಕೆ ಬರುತ್ತಿದ್ದ ನಾದಿನಿ, ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಮೆಲ್ಲನೆ ಕೂತಳು. ಒಂದು ತುತ್ತು ಬಾಯಿಗಿಟ್ಟವಳು ಡಬ್ಬಿ ಮುಚ್ಚಿಬಿಟ್ಟಳು.

"ಕಣ್ಣು ಕತ್ತಲೆ ಬರ್ತಾ ಇದೆ ಅತ್ತಿಗೆ."

"ತಲೆ ಮೇಲೆ ಬಟ್ಟೆ ಹಾಕ್ಕೋ. ನೀರು ಕುಡಿ."

"ನೀರೂ ಕಾದಿದೆ. ಪುಡಿ ಹಾಕಿದ್ರೆ ಟೀನೇ ಆಗತ್ತೆ."

ಕೂಗಳತೆಯಲ್ಲೇ ಅವರು ಬಣ್ಣ ಬಳಿದ ಹಾಲ್ ಖಾಲಿ ಬಿದ್ದಿತ್ತು. ನೆರಳು, ಫ್ಯಾನು, ನುಣ್ಣನೆಯ ನೆಲ. ಆದರೆ ಯಜಮಾನರ ಕಟ್ಟಪ್ಪಣೆಯಿತ್ತು: ಬಣ್ಣ ಪಾಸಾಗುವವರೆಗೆ ಕೆಲಸದವರು ಅಲ್ಲಿ ಊಟಕ್ಕೆ ಕೂರುವಂತಿಲ್ಲ. ಗೋಡೆ ಕೊಳಕಾಗುತ್ತದೆ. ಪಾಸಾಗುವುದೆಂದರೆ ಯಜಮಾನರಿಗೆ ತಂಪು ಅನ್ನಿಸಬೇಕು. ಅನ್ನಿಸುವವರೆಗೆ ಎಷ್ಟು ಕೋಟ್ ಹೊಡೆದರೂ ಹೆಚ್ಚಿನ ಕೂಲಿ ಕೇಳಬಾರದು. ಒಪ್ಪಿಕೊಳ್ಳುವಾಗ ಬ್ರಷ್ಷಕ್ಕ ಒಳಗೊಳಗೇ ನಕ್ಕಿದ್ದಳು. ನೀಲಿ ಅಲ್ಲವೇ, ತಂಪಲ್ಲದೆ ಬಿಸಿ ಇರುತ್ತದೆಯೇ ಎಂದುಕೊಂಡಿದ್ದಳು. ಎಡವಿದ್ದು ಅಲ್ಲೇ.

ಮೊದಲು ಹಸಿರು ಬೆರೆತ ನೀಲಿ ಬಳಿದರು. ಯಜಮಾನರು ಹಾಲಿನ ನಡುವೆ ಕುರ್ಚಿ ಹಾಕಿಸಿ, ಫ್ಯಾನು ಜೋರು ಮಾಡಿ, ಬಣ್ಣ ಪರೀಕ್ಷಿಸಲು ಕಣ್ಣು ಮುಚ್ಚಿ ಕೂತರು. "ತಂಪು ಸಾಲದು." ಬೂದು ಬೆರೆತ ನೀಲಿ ಬಳಿದರು. "ಇನ್ನೂ ಸಾಲದು." ಯಜಮಾನಿ ದಿಂಬುಗಳನ್ನು ಒಂದೊಂದಾಗಿ ತಂದು ಗೋಡೆಗೆ ಒತ್ತಿ ನೋಡುತ್ತಿದ್ದರು.

"ಈ ನೀಲಿಗೆ ಸಾಸಿವೆ ಹಳದಿ ಒಳ್ಳೆ ಜೋಡಿ ಕಣ್ರೀ."

"ಹಳದಿ ಅಂದ್ರೆ ಬಿಸಿಲು. ಅದನ್ನ ಮನೆಯೊಳಗೆ ಯಾಕೆ ಕರೀತೀಯ?"

"ಹಾಗಾದ್ರೆ ಕೆನೆ ಬಿಳಿ?"

"ಅದು ಸರಿ. ಚಾವಣಿ ಕೆನೆ ಬಿಳಿ, ಕಿಟಕಿ ಮರದ ಬಣ್ಣ, ನಡುವೆ ತಿಳಿ ನೀಲಿ. ಆದ್ರೆ ತಂಪು ಇರ್ಬೇಕು."

ಮೂರನೆಯ ನೀಲಿ ಒಣಗಿ ಬೆಳಗಿನ ಆಕಾಶದ ಹಾಗೆ ಬಂತು. ಕಿಟಕಿ ಕೆಲಸಕ್ಕೆ ಬಂದಿದ್ದ ಬಡಗಿ ಮಾವ ಉಳಿ ಕೆಳಗಿಟ್ಟು, "ಚೆನ್ನಾಗ್ ಬಂದಿದೆ ಕಣಮ್ಮಾ" ಅಂದ. ಯಜಮಾನರು ಮಾತ್ರ ಫ್ಯಾನಿನ ಕೆಳಗೆ ಕೂತು ತಲೆ ಅಲ್ಲಾಡಿಸಿದರು. ಆಚೆ ಬಿಸಿಲಲ್ಲಿ ನಾದಿನಿ ಗೇಟಿನ ಕಂಬ ಹಿಡಿದು ವಾಂತಿ ಮಾಡುತ್ತಿರುವುದು ಕಿಟಕಿಯಿಂದ ಕಾಣಿಸಿತು. ಬ್ರಷ್ಷಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಮಾತಿಗೆ ಸಕ್ಕರೆ ಸವರಿದಳು.

"ಸಾರ್, ಫ್ಯಾನ್ ಕೆಳಗೆ ಕೂತೋರಿಗೆ ಬಣ್ಣದ ತಂಪು ಹೇಗೆ ಗೊತ್ತಾಗತ್ತೆ? ಹೊರಗಿಂದ ಬರೋರಿಗೆ ಗೊತ್ತಾಗೋದು. ನಿಮ್ಮನೆಗೆ ದೊಡ್ಡ ದೊಡ್ಡೋರು ಬಿಸಿಲಲ್ಲೇ ತಾನೆ ಬರೋದು?"

"ಅದೂ ನಿಜ."

"ನಮ್ಮ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತು ಬನ್ನಿ."

ಯಜಮಾನಿ ನಗು ತಡೆಯಲಾರದೆ ಬಾಯಿಗೆ ದಿಂಬು ಒತ್ತಿಕೊಂಡರು. ಯಜಮಾನರು ಗಂಭೀರವಾಗಿ ಹೊರಗೆ ನಡೆದರು. ನಾದಿನಿ ಬಾಯಿ ಒರೆಸಿಕೊಂಡು ಜಾಗ ತೋರಿಸಿದಳು.

"ಕೂತ್ಕೊಳ್ಳಿ ಸಾರ್, ಬಿಸಿ ಆರಿಲ್ಲ."

ಯಜಮಾನರು ಕೂತು ಒಂದು ಕಡೆಯ ಅಂಡು ಎತ್ತಿದರು, ಆಮೇಲೆ ಇನ್ನೊಂದು ಕಡೆಯದು. ಬೋಳುತಲೆ ಕೆಂಪಗಾಯಿತು.

"ಸಾಕಾ?"

"ಇನ್ನೊಂಚೂರು ಸಾರ್," ಬ್ರಷ್ಷಕ್ಕ ಕಿಟಕಿಯಿಂದ ಕೂಗಿದಳು. "ಇಷ್ಟು ಹೊತ್ತಲ್ಲಿ ನಾವಿನ್ನೂ ಕೈಯೇ ತೊಳೆದಿರಲ್ಲ!"

ಕೊನೆಗೆ ಎದ್ದೆನೋ ಬಿದ್ದೆನೋ ಅಂತ ಒಳಗೆ ಓಡಿಬಂದರು. ಬ್ರಷ್ಷಕ್ಕ ಫ್ಯಾನು ಆರಿಸಿಟ್ಟಿದ್ದಳು. ಆದರೂ ಅವರು ನೀಲಿ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು.

"ಅಬ್ಬಾ! ತಂಪು ಅಂದ್ರೆ ಇದು!"

ಮಾತು ಬಾಯಿಂದ ಬಿದ್ದಾಗಿತ್ತು. ಬಡಗಿ ಮಾವ ಕೇಳಿದ್ದ, ಬಚ್ಚಲಲ್ಲಿ ಟೈಲ್ಸ್ ಹಾಕುತ್ತಿದ್ದ ಟೈಲ್ಸಣ್ಣ ಕೇಳಿದ್ದ, ಯಜಮಾನಿಯೇ ಕೇಳಿದ್ದರು.

"ಪಾಸಾಯ್ತು ಅನ್ನಿ ಸಾರ್."

ಯಜಮಾನರು ಬೆವರು ಒರೆಸಿಕೊಂಡರು. ಒರೆಸುತ್ತ ಒರೆಸುತ್ತ ಬುದ್ಧಿ ವಾಪಸು ಬಂತು.

"ಎಲ್ಲಿ ಪಾಸು? ಈಗ ತಂಪು ಜಾಸ್ತಿ ಆಯ್ತು. ಚಳಿಗಾಲದಲ್ಲಿ ನಾವು ನಡುಗಬೇಕಾ? ಇನ್ನೊಂದು ಕೋಟ್ ಹೊಡೆದು ಸ್ವಲ್ಪ ಕಮ್ಮಿ ಮಾಡಿ."

ಬ್ರಷ್ಷಕ್ಕ ಬ್ರಷ್ಷನ್ನು ನೀರಿನ ಬಕೆಟ್ಟಿಗೆ ಹಾಕಿದಳು.

"ಕಮ್ಮಿ ತಾನೆ? ಈಗಲೇ ಮಾಡೋಣ." ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಬಾರೇ ಒಳಗೆ! ಡಬ್ಬಿ ತಗೊಂಡು ಬಾ!"

"ಏಯ್, ಏನಿದು?"

"ಜಾಸ್ತಿ ಆಗಿರೋ ತಂಪನ್ನ ಕಾದ ಬೆನ್ನು ಒರಗಿಸಿ ತೆಗೀತಾ ಇದೀವಿ ಸಾರ್."

ನಾದಿನಿ ಬಂದು ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. ಟೈಲ್ಸಣ್ಣ ಮೊಣಕಾಲಿನ ಸಿಮೆಂಟು ಒದರಿಕೊಂಡು ಬಂದ. "ನಂಗೂ ಒಂಚೂರು ಉಳಿಸ್ರಪ್ಪಾ" ಎನ್ನುತ್ತ ಬಡಗಿ ಮಾವ ಪಕ್ಕಕ್ಕೆ ಜಾರಿಕೊಂಡ.

"ಏಳ್ರೋ! ಗೋಡೆ! ನನ್ನ ಗೋಡೆ!"

ಯಾರೂ ಏಳಲಿಲ್ಲ.

"ಅವಸರ ಇಲ್ಲ ಸಾರ್," ಬ್ರಷ್ಷಕ್ಕ ಫ್ಯಾನು ಹಾಕಿದಳು. "ಇವತ್ತಿಗೆ ಮುಗೀದಿದ್ರೆ ನಾಳೆ ತೆಗೀತೀವಿ. ನಾಳೆ ಪಕ್ಕದ ಮನೆ ಕೆಲಸದೋರನ್ನೂ ಕರ್ಕೊಂಡು ಬರ್ತೀವಿ."

ನಾದಿನಿ ಡಬ್ಬಿಯ ಮುಚ್ಚಳ ತೆಗೆದು, ದೊಡ್ಡದೊಂದು ತುತ್ತು ಮಾಡಿದಳು.