ಅಜ್ಜಿ ಹೂಂ ಅನ್ನದ ಎರಡು ಕಡೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಶನಿವಾರ ಬೆಳಿಗ್ಗೆ, ಒಂದು ಪತ್ರಿಕೆಯ ಮೂರನೇ ಮಹಡಿಯಲ್ಲಿ ಸಂಗೀತ ವಿಮರ್ಶೆ ಬರೆಯುವ ಹುಡುಗಿಯೊಬ್ಬಳಿದ್ದಳು. ಅವಳ ಬಾಯಿ ಯಾವಾಗಲೂ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ. ಅವಳು ನಾನೇ.

ವಿಜ್ಞಾನ ಕಾದಂಬರಿಗಳ ವಿಮರ್ಶೆ ಬರೆಯುತ್ತಿದ್ದ ಹಿರಿಯರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಸಂಪಾದಕರು ಪುಸ್ತಕವೊಂದನ್ನು ಎತ್ತಿ ಹಿಡಿದು, "ಇದನ್ನ ಯಾರು ಬರೀತೀರಿ?" ಎಂದರು.

"ನಾನು ಸಾರ್!" ಅಂದಿತು ನನ್ನ ಬಾಯಿ.

"ನೋಡಮ್ಮ, ಸೋಮವಾರ ನಾಲ್ಕು ಗಂಟೆಗೆ ಕೈಗೆ ಬರ್ಬೇಕು. ತಪ್ಪಿದ್ರೆ ಆ ಜಾಗಕ್ಕೆ ಹಾಸಿಗೆ ಜಾಹೀರಾತು. ನಿನ್ನ ಸಂಗೀತದ ಅಂಕಣಾನೂ ಅದರ ಮೇಲೇ ಮಲಗಿಸಿಬಿಡ್ತೀನಿ."

ಹಿರಿಯರ ಹಳೆಯ ವಿಮರ್ಶೆಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ ಒಂದೇ ಪ್ರಶ್ನೆ: ಈ ಎಂಜಿನ್ ನಿಜವಾಗಿ ಓಡುತ್ತದೆಯೇ? ನನಗೋ, ನಮ್ಮನೆ ಮಿಕ್ಸಿ ಯಾಕೆ ತಿರುಗುತ್ತದೆಂದೂ ಗೊತ್ತಿಲ್ಲ.

ಮನೆಗೆ ಓಡಿ ಅಜ್ಜಿಯ ಮುಂದೆ ಕೂತೆ. "ಇಷ್ಟು ವರ್ಷ ನೀನು ಕಥೆ ಹೇಳ್ದೆ, ನಾನು ಹೂಂ ಅಂದೆ. ಈಗ ನಾನು ಓದ್ತೀನಿ, ನೀನು ಹೂಂಗುಟ್ಟು."

"ಏನ್ ಕಥೆಯೇ?"

"ಆಕಾಶದಲ್ಲಿ ನೂರು ವರ್ಷ ಹೋಗೋ ಹಡಗು."

"ನನ್ನ ಹಾರೋ ಕುದುರೆ ಒಂದೇ ನೆಗೆತಕ್ಕೆ ಹೋಗ್ತಿತ್ತು. ಸೋಮಾರಿ ಹಡಗು! ಹೂಂ, ಓದು."

ಹೂಂ ಬಿದ್ದ ಕಡೆಯೆಲ್ಲ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದೆ, ನಿಂತ ಕಡೆ ಸೊನ್ನೆ. ಭಾನುವಾರ ಸಂಜೆ ಪುಸ್ತಕ ಮುಗಿದಾಗ ಎರಡೇ ಎರಡು ಸೊನ್ನೆ. ಒಂದು, ಎಂಜಿನ್ನನ್ನು ವಿವರಿಸುವ ಹನ್ನೊಂದು ಪುಟ. ಇನ್ನೊಂದು, ಹಡಗಿನ ದೊಡ್ಡ ಫ್ಯಾನ್ ಕೆಟ್ಟು ನಿಲ್ಲುವ ಅಧ್ಯಾಯ. ಹುಟ್ಟಿದಾಗಿನಿಂದ ಆ ಗುಂಯ್ ಸದ್ದಿನಲ್ಲೇ ಬೆಳೆದ ಮಕ್ಕಳು ಅಲ್ಲಿ ಮೊದಲ ಸಲ ಮೌನ ಕೇಳಿ, ಹೆದರಿ, ಕಿವಿ ಮುಚ್ಚಿಕೊಳ್ಳುತ್ತಾರೆ.

ಸೋಮವಾರ ಮಧ್ಯಾಹ್ನ, ಬರೆದ ವಿಮರ್ಶೆಯನ್ನು ಜಂಬದಿಂದ ಅಜ್ಜಿಗೆ ಓದಿ ಹೇಳಿದೆ: "ಕಾದಂಬರಿ ಎರಡು ಕಡೆ ಸೋತಿದೆ..."

"ಎರಡು ಕಡೆನಾ? ಅಯ್ಯೋ ಪೆದ್ದೀ! ಎಂಜಿನ್ ಬಂದಾಗ ನಂಗೆ ತೂಕಡಿಕೆ. ಫ್ಯಾನ್ ನಿಂತಾಗ ಉಸಿರೇ ನಿಂತಿತ್ತು, ಹೂಂ ಎಲ್ಲಿಂದ ಬರುತ್ತೆ? ಅಷ್ಟು ಹಾಡು ಕೇಳ್ತೀಯ, ಇಷ್ಟೂ ತಿಳಿಯಲ್ವಾ?"

ತಿಳಿಯದೆ ಏನು! ಹಾಡು ಮುಗಿದು ಚಪ್ಪಾಳೆ ಬೀಳುವ ಮುಂಚಿನ ಮೌನ ಬೇರೆ, ಜನ ಗಡಿಯಾರ ನೋಡಿಕೊಳ್ಳುವ ಮೌನ ಬೇರೆ ಎಂದು ನೂರು ಸಲ ಬರೆದವಳು ನಾನೇ. ಆಗಲೇ ಎರಡೂವರೆ. ಹಾಳೆ ಹರಿದೆ. ಬಸ್ಸಿನಲ್ಲಿ ಬರೆದೆ, ಲಿಫ್ಟ್ ಬರಲಿಲ್ಲವೆಂದು ಮೆಟ್ಟಿಲ ಮೇಲೆ ಕೂತು ಬರೆದೆ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಸಂಪಾದಕರ ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ಹಾಸಿಗೆ ಜಾಹೀರಾತು ಕಾಲು ಚಾಚಿ ಬಿದ್ದಿತ್ತು.

"ಎಂಜಿನ್ ಓಡುತ್ತೋ ಇಲ್ವೋ ಬರ್ದೇ ಇಲ್ವಲ್ಲಮ್ಮ?"

"ಓಡಲ್ಲ ಸಾರ್. ಹನ್ನೊಂದು ಪುಟ ಅಲ್ಲಾಡ್ಲೇ ಇಲ್ಲ. ಫ್ಯಾನ್ ನಿಂತ ಮೇಲೇ ಕಥೆ ಓಡೋದು."

ಅವರು ಮುಂದೆ ಓದಿದರು. ಫ್ಯಾನಿನ ಪ್ಯಾರಾಕ್ಕೆ ಬಂದಾಗ ಬಾಯಿಯ ಹತ್ತಿರ ಹೋಗಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಮಾತಿಲ್ಲ. ಇದು ಯಾವ ಮೌನ? ನನ್ನ ಮಂಡಿ ತಾನಾಗಿಯೇ ತಾಳ ಹಾಕತೊಡಗಿತು.

ಕೊನೆಗೆ ಸಂಪಾದಕರು ಉಸಿರು ಬಿಟ್ಟು, ಜಾಹೀರಾತನ್ನು ಪಕ್ಕಕ್ಕೆ ತಳ್ಳಿ, ನನ್ನ ಹಾಳೆಗೆ ಸಹಿ ಹಾಕಿ ಅಚ್ಚಿಗೆ ಕಳಿಸಿದರು.

"ಹೂಂ," ಎಂದರು.