ಹನ್ನೊಂದನೇ ಮುಖ

“ಬೆಣ್ಣೆ ಕಣ್ರೀ, ಬೆಣ್ಣೆ,” ಎಂದ ರೇಡಿಯೋ, ನೊರೆ ಮೆತ್ತಿದ ಕೆನ್ನೆಯನ್ನು ಕನ್ನಡಿಯ ಹತ್ತಿರಕ್ಕೆ ಒಯ್ಯುತ್ತಾ. “ಕೂದಲು ತಾನಾಗೇ ಇಳಿದು ಹೋಗ್ತಿದೆ. ನಾನು ಸುಮ್ನೆ ಹಿಡ್ಕೊಂಡಿದ್ದೀನಿ ಅಷ್ಟೆ.”

ಅವನ ಪಕ್ಕಕ್ಕೆ ಸಾಲಾಗಿ ಇನ್ನೂ ಒಂಬತ್ತು ಬೇಸಿನ್ನುಗಳು, ಒಂಬತ್ತು ಕನ್ನಡಿಗಳು, ಬನಿಯನ್ನಿನಲ್ಲಿ ನಿಂತ ಒಂಬತ್ತು ಗಂಡಸರು. ಎಲ್ಲರೂ ಇದೇ ರೇಜರ್ ಕಾರ್ಖಾನೆಯವರು. ಒಬ್ಬ ಪಾಲಿಶ್ ವಿಭಾಗದವನು, ಇಬ್ಬರು ಪ್ಯಾಕಿಂಗಿನವರು, ಕೊನೆಯವನು ಗೇಟಿನ ಕಾವಲುಗಾರ. ಬಾಯಿಗೆ ಬಿಡುವು ಕೊಡದ್ದಕ್ಕೇ ರೇಡಿಯೋ ಎಂದು ಹೆಸರು ಬಿದ್ದವನು ಅಚ್ಚು ಒತ್ತುವ ಯಂತ್ರದವನು. ಶನಿವಾರ, ಭಾನುವಾರ ಗಡ್ಡ ಮುಟ್ಟದೆ ಸೋಮವಾರ ಬೆಳಿಗ್ಗೆ ಬಂದು, ಕೊಟ್ಟ ರೇಜರಿನಲ್ಲಿ ಗಡ್ಡ ತೆಗೆದು, ಹೇಗಿತ್ತೆಂದು ಹೇಳುವುದು ಅವರ ಹೆಚ್ಚುವರಿ ಕೆಲಸ. ಬಿಸಿನೀರು ಪುಕ್ಕಟೆ, ಸೋಪು ಪುಕ್ಕಟೆ, ಮುಕ್ಕಾಲು ಗಂಟೆ ಯಂತ್ರದ ಮುಂದೆ ನಿಲ್ಲುವ ಗೋಳಿಲ್ಲ.

ಅವರ ಬೆನ್ನ ಹಿಂದೆ, ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದು ಗೇಜಕ್ಕ ನಿಂತಿದ್ದಳು. ಬ್ಲೇಡಿಗೂ ಕೆಳತಟ್ಟೆಗೂ ನಡುವಿನ ಸಂದು ಅಳೆಯುವ ತೆಳು ಉಕ್ಕಿನ ಗೇಜುಗಳು ಸದಾ ಅವಳ ಕೈಯಲ್ಲಿರುತ್ತಿದ್ದವು. ಆ ಹೆಸರು ಹಾಗೆ ಅಂಟಿಕೊಂಡಿತ್ತು. ಸಂಜೆ ಕಾಲೇಜಿನಲ್ಲಿ ಓದಿ ಪ್ಯಾಕಿಂಗಿನಿಂದ ತಪಾಸಣೆಗೆ ಬಂದವಳು. ಒಮ್ಮೆ ಅಳೆದದ್ದನ್ನು ಮೂರು ಸಲ ಅಳೆಯದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹೋಲಿಕೆಗೆ ಇಟ್ಟದ್ದು ಮೂರು ಎರಡಂಚಿನ ರೇಜರುಗಳನ್ನು. ಅಗ್ಗದವಲ್ಲ, ಶೋಕಿಯವೂ ಅಲ್ಲ. ಸಂಬಳದವನೊಬ್ಬ ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ಇಟ್ಟುಕೊಳ್ಳುವಂಥ ನಡುಬೆಲೆಯವು. ಒಂದು ತಮ್ಮ ಕಾರ್ಖಾನೆಯದು, ಉಳಿದೆರಡು ಬೇರೆ ಕಂಪನಿಗಳವು. ಯಾವುದು ಯಾರದೆಂದು ತಿಳಿಯಬಾರದೆಂದು ಹಿಡಿಗಳಿಗೆಲ್ಲ ಬಿಳಿ ಬಟ್ಟೆಯ ಟೇಪು ಸುತ್ತಿ, ವಾರಕ್ಕೊಂದರಂತೆ ಮೂರು ಸೋಮವಾರ ಕೊಟ್ಟಿದ್ದಳು. ಇವತ್ತು ಮೂರನೆಯದು.

“ಬರ್ಕೊಳ್ಳಿ ಗೇಜಕ್ಕ, ಹತ್ತಕ್ಕೆ ಹತ್ತು,” ಎಂದ ಪಾಲಿಶ್‌ನವನು. “ಹತ್ತಕ್ಕೆ ಹನ್ನೊಂದು ಕೊಡೋ ಹಾಗಿದ್ರೆ ಅದನ್ನೇ ಬರೀರಿ,” ಎಂದ ಕಾವಲುಗಾರ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಅವರ ಹಿಂದೆಯೇ ಮೇಸ್ತ್ರಿ, ಮೀಸೆಯಡಿಯಲ್ಲಿ ನಗುತ್ತಾ. “ನೋಡಿ, ಎಲ್ಲರಿಗೂ ನಮ್ಮದೇ ಹಿಡಿಸಿದೆ,” ಎಂದರು ಮ್ಯಾನೇಜರ್.

“ಇದು ನಮ್ಮದಲ್ಲ ಸಾರ್,” ಎಂದಳು ಗೇಜಕ್ಕ.

ಮೇಸ್ತ್ರಿಯ ನಗು ಅಲ್ಲೇ ನಿಂತಿತು. “ಅದು ಹೆಂಗೆ? ಮೂರನೇ ವಾರ ನಮ್ಮದು ಅಂತ ಪಟ್ಟಿಯಲ್ಲಿತ್ತಲ್ಲ,” ಎಂದುಬಿಟ್ಟ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮೊದಲ ಸೋಮವಾರ ಬೆಳಗಾಗುವಾಗಲೇ ಅವಳಿಗೆ ಅನುಮಾನ ಹತ್ತಿತ್ತು. ಪಟ್ಟಿಯನ್ನು ಮೇಜಿನ ಮೇಲೆ ಬಿಟ್ಟು ಬಂದೆನೇ? ಯಾರಾದರೂ ನೋಡಿದರೇ? ಇಲ್ಲವೆಂದು ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗದೆ, ಬೇಗ ಬಂದು ಮೂರರ ಸರದಿಯನ್ನೇ ಬದಲಿಸಿ, ಹೊಸ ಪಟ್ಟಿಯನ್ನು ಊಟದ ಡಬ್ಬಿಯೊಳಗೆ ಇಟ್ಟುಕೊಂಡಿದ್ದಳು. ಮೇಸ್ತ್ರಿ ನೋಡಿದ್ದು ಹಳೆಯ ಪಟ್ಟಿ. ಹತ್ತು ಜನರ ಕಿವಿಗೂ ಅದನ್ನೇ ಊದಿದ್ದ.

“ಹಾಗಾದ್ರೆ ನಮ್ಮದು ಯಾವುದು?” ಎಂದರು ಮ್ಯಾನೇಜರ್.

“ಹೋದ ವಾರದ್ದು.”

“ಹೋದ ವಾರದ್ದಕ್ಕೆ ನಾನೇನಂದಿದ್ದೆ?” ಎಂದು ರೇಡಿಯೋ ಪಕ್ಕದವನನ್ನು ಮೆಲ್ಲಗೆ ಕೇಳಿದ.

“ಇದು ರೇಜರಲ್ಲ, ತುರಿಯೋ ಮಣೆ ಅಂದಿದ್ದೆ.”

“ಅದು ತಮಾಷೆಗೆ ಅಂದಿದ್ದು ಸಾರ್,” ಎಂದ ರೇಡಿಯೋ ಜೋರಾಗಿ. “ನನಗೆ ಅವತ್ತೇ ಬಹಳ ಹಿಡಿಸಿತ್ತು.” ಉಳಿದ ಒಂಬತ್ತು ತಲೆಗಳೂ ನೊರೆಯ ಸಮೇತ ಅಲ್ಲಾಡಿದವು.

ಮ್ಯಾನೇಜರ್ ಅವಳನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಅಚ್ಚಾಗಿ ಬಂದ ಚೀಟಿಗಳ ಕಟ್ಟು ಇತ್ತು. ‘ಮೂರು ರೇಜರುಗಳ ಹೋಲಿಕೆಯಲ್ಲಿ ಎಲ್ಲರೂ ಮೆಚ್ಚಿದ್ದು’ ಎಂಬ ಸಾಲು, ಕೆಳಗೆ ‘ಪರೀಕ್ಷಕರ ಸಹಿ’ ಎಂದು ಖಾಲಿ ಜಾಗ. ಆ ಸಹಿ ಬಿದ್ದ ಮೇಲೆ ಪೆಟ್ಟಿಗೆಗೊಂದು ಚೀಟಿ ಹೋಗಬೇಕು.

“ನೋಡಮ್ಮ, ಬಹಳ ಸುಲಭ,” ಎಂದರು ಅವರು. “ಇವತ್ತಿನದು ನಮ್ಮದು ಅಂತ ಬರೆದುಬಿಡಿ, ಹೋದ ವಾರದ್ದು ಅವರದು. ಅಷ್ಟಕ್ಕೂ ಮನಸ್ಸಿನಲ್ಲಿ ಅವರು ಮೆಚ್ಚಿದ್ದು ನಮ್ಮದನ್ನೇ ತಾನೆ?”

“ಕೆನ್ನೆ ಮೆಚ್ಚಿದ್ದು ಬೇರೆಯದನ್ನಲ್ಲವಾ ಸಾರ್.”

“ಹಾಗಂತ ನಮ್ಮದು ಕೆಟ್ಟದು ಅಂತ ಬರೀತೀರಾ?”

ಅವಳು ಪ್ರಾಮಾಣಿಕಳಾಗಿ ಯೋಚಿಸಿದಳು. “ಅದನ್ನೂ ಬರೆಯೋ ಹಾಗಿಲ್ಲ. ಬೇರೆಯವರದು ಅಂದ್ಕೊಂಡು ಬೈದಿದ್ದಾರೆ, ನಮ್ಮದು ಅಂದ್ಕೊಂಡು ಹೊಗಳಿದ್ದಾರೆ. ಎರಡೂ ಲೆಕ್ಕಕ್ಕೆ ಬರಲ್ಲ. ಆದ್ರೆ ನಮ್ಮದರಲ್ಲಿ ದೋಷ ಇರೋದು ನಿಜ ಸಾರ್. ಒಂದು ಅಂಚು ಸರಿಯಾಗಿದೆ, ಇನ್ನೊಂದು ಚರ್ಮ ಕಚ್ಚುತ್ತೆ. ಅಚ್ಚು ಸವೆದಿದೆ.”

“ಗೇಜು ಏನು ಹೇಳುತ್ತೆ?”

“ಎರಡು ಕಡೆಯೂ ಪಾಸು. ಆದ್ರೆ ಒಂದು ಕಡೆ ಮಿತಿಯ ಈ ತುದಿಯಲ್ಲಿದೆ, ಇನ್ನೊಂದು ಕಡೆ ಆ ತುದಿಯಲ್ಲಿ. ರೇಜರ್ ತಿರುಗಿಸಿದಾಗ ಕೈಗೆ ಗೊತ್ತಾಗಲ್ಲ, ಮುಖಕ್ಕೆ ಗೊತ್ತಾಗುತ್ತೆ.”

“ಯಾರ ಮುಖಕ್ಕೆ?” ಮ್ಯಾನೇಜರ್ ಕುರ್ಚಿಗೆ ಒರಗಿದರು. “ಗೇಜೂ ಹೇಳಲ್ಲ, ಗಡ್ಡ ಇರೋ ಹತ್ತು ಜನವೂ ಹೇಳಲ್ಲ. ನೀವು ಹೇಳ್ತೀರಾ? ನೀವೇನು ದಿನಾ ಗಡ್ಡ ಮಾಡ್ಕೊಳ್ತೀರಾ?” ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಗೇಜಕ್ಕ ಅಚ್ಚಾದ ಚೀಟಿಗಳನ್ನೇ ನೋಡುತ್ತಾ ನಿಂತಳು. ದಿನಾ ಮಾಡಿಕೊಳ್ಳುತ್ತಿದ್ದಳು. ಇಪ್ಪತ್ತೇಳನೇ ವಯಸ್ಸಿನಲ್ಲಿ ಗಲ್ಲದ ಕೆಳಗೆ ನಾಲ್ಕು ಕೂದಲಾಗಿ ಶುರುವಾದದ್ದು, ಮೂವತ್ತರ ಹೊತ್ತಿಗೆ ದವಡೆಯುದ್ದಕ್ಕೂ ಹಬ್ಬಿತ್ತು. ಅಪಾಯವೇನಿಲ್ಲ, ಕೆಲವು ಹೆಂಗಸರಿಗೆ ಹೀಗಾಗುತ್ತದೆ ಎಂದು ವೈದ್ಯೆ ಹೇಳಿ ಕಳಿಸಿದ್ದರು. ಚಿಮುಟದಿಂದ ಕಿತ್ತು ಚರ್ಮವೆಲ್ಲ ಗಂಟಾದ ಮೇಲೆ ರೇಜರ್ ಹಿಡಿದಳು. ಹತ್ತು ವರ್ಷವಾಯಿತು. ಈ ಮೂರನ್ನೂ ಮನೆಯಲ್ಲಿ ಹದಿನೆಂಟು ದಿನ ಬಳಸಿ, ದಿನದಿನದ್ದನ್ನು ಪುಸ್ತಕದಲ್ಲಿ ಬರೆದಿದ್ದಳು. ದಿನಾ ಬೆಳಿಗ್ಗೆ ಅವಳ ಅಕ್ಕ ಚೀಲಕ್ಕೆ ಕೈಹಾಕಿ ಎತ್ತಿಕೊಟ್ಟದ್ದನ್ನು ನೋಡದೆಯೇ ಬಳಸಿದ್ದಳು. ಹದಿನೆಂಟು ದಿನವೂ ಅವಳ ದವಡೆ ಸುಳ್ಳು ಹೇಳಿರಲಿಲ್ಲ. ಆದರೆ ಆ ಪುಸ್ತಕವನ್ನು ಯಾರಿಗೆ ತೋರಿಸುವುದು?

“ಮುಂದಿನ ಸೋಮವಾರ ಇನ್ನೊಂದು ಸಲ ಮಾಡೋಣ ಸಾರ್,” ಎಂದಳು. ಸ್ವರ ಸಣ್ಣದಾಗಿತ್ತು. “ಮೂರನ್ನೂ ಒಟ್ಟಿಗೆ. ಯಾವುದು ಯಾವುದು ಅಂತ ಮೇಸ್ತ್ರಿಗೆ ಮಾತ್ರ ಗೊತ್ತಿರಲಿ, ನನಗೂ ಬೇಡ.”

“ಅದರ ಮರುದಿನ ಮಂಗಳವಾರ ಲಾರಿ ಬರುತ್ತೆ. ಇದೇ ಹತ್ತು ಮುಖಗಳನ್ನ ನಂಬೋಕಾಗಲ್ಲ ಅಂತೀರಿ. ಹನ್ನೊಂದನೇ ಮುಖ ಎಲ್ಲಿಂದ ತರ್ತೀರಿ?”

“ತರ್ತೀನಿ.”

“ತರದಿದ್ದರೆ?”

“ಸಹಿ ಹಾಕ್ತೀನಿ.”

“ಬರೀ ತಂದರೆ ಸಾಲದು. ಆ ಮುಖ ನಮ್ಮದನ್ನ ಗುರುತು ಹಿಡೀಬೇಕು.”

“ಹಿಡಿಯುತ್ತೆ ಸಾರ್.”

ಭಾನುವಾರ ಮಧ್ಯಾಹ್ನ ಅಕ್ಕ ಅಂಗಿಗಳಿಗೆ ಕಾಲರ್ ಹೊಲಿಯುತ್ತಾ ಕೂತಿದ್ದವಳು ಹೊಲಿಗೆ ಯಂತ್ರ ನಿಲ್ಲಿಸಿದಳು. ಎರಡು ಕೋಣೆಯ ಮನೆಯಲ್ಲಿ ಮುಖ ಮರೆಸಿಕೊಳ್ಳಲು ಮೂಲೆಗಳಿರಲಿಲ್ಲ.

“ನಿನ್ನೆಯೂ ಮಾಡ್ಕೊಂಡಿಲ್ಲ, ಇವತ್ತೂ ಇಲ್ಲ. ಏನೇ ಇದು ಪುಟ್ಟಿ?”

ಗೇಜಕ್ಕ ಎಲ್ಲವನ್ನೂ ಹೇಳಿದಳು. ಅಕ್ಕ ಕತ್ತರಿಯನ್ನು ಬಟ್ಟೆಯ ಮೇಲಿಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟಳು.

“ಮೂರು ಮನೆಗೆ ಒಂದೇ ಬಚ್ಚಲು. ಹತ್ತು ವರ್ಷ ನಾನು ಬಾಗಿಲ ಹೊರಗೆ ನಿಂತು ಬಕೆಟ್ಟು ಕುಟ್ಟಿದ್ದೀನಿ, ನಿನ್ನ ಕೆರೆಯೋ ಸದ್ದು ಯಾರಿಗೂ ಕೇಳದಿರಲಿ ಅಂತ. ಅದೆಲ್ಲ ಒಂದು ತಗಡಿಗೋಸ್ಕರ ನೀರಿಗೆ ಹಾಕ್ತೀಯ?”

“ತಗಡಲ್ಲ ಅಕ್ಕ, ಹಿತ್ತಾಳೆ.”

“ಬಾಯಿ ಮುಚ್ಚು. ಆ ಗಂಡಸರು ನಾಳೆಯಿಂದ ಏನಂತ ಕರೀತಾರೆ ಯೋಚನೆ ಮಾಡಿದ್ದೀಯಾ?”

ಮಾಡಿದ್ದಳು. ವಾರವಿಡೀ ಅದನ್ನೇ ಮಾಡಿದ್ದಳು. ಒಂದೊಂದು ಅಡ್ಡಹೆಸರನ್ನೂ ತಾನೇ ಮೊದಲು ಹೇಳಿಕೊಂಡು ನೋಡಿದ್ದಳು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು: ನಾಳೆ ಎಲ್ಲರೆದುರು ತಾನು ತಪ್ಪು ರೇಜರನ್ನು ತೋರಿಸಿಬಿಟ್ಟರೆ? ಹದಿನೆಂಟು ದಿನ ಸರಿಯಾದದ್ದು ಹತ್ತೊಂಬತ್ತನೇ ದಿನ ಕೈಕೊಟ್ಟರೆ?

“ಅಕ್ಕ, ಇಡೀ ಕಾರ್ಖಾನೆಯಲ್ಲಿ ಆ ರೇಜರ್ ಬಗ್ಗೆ ನಿಜ ಗೊತ್ತಿರೋದು ಇದಕ್ಕೊಂದಕ್ಕೇ,” ಎಂದು ದವಡೆ ಮುಟ್ಟಿಕೊಂಡಳು. “ಸಹಿ ನನ್ನದು. ಯಾರದೋ ಮುಖ ಉರಿಯುತ್ತಾ ಇರುತ್ತೆ, ಕೆಳಗೆ ನನ್ನ ಹೆಸರಿರುತ್ತೆ.”

“ಈ ಮುಖ ಹೊತ್ತುಕೊಂಡು ಬಸ್ಸಿನಲ್ಲಿ ಹೆಂಗೆ ಹೋಗ್ತೀಯ?”

“ಸೀಟು ಸಿಕ್ಕಿದ್ರೆ ಕೂತ್ಕೊಂಡು ಹೋಗ್ತೀನಿ. ಸಿಗದಿದ್ರೆ ನಿಂತ್ಕೊಂಡು.”

ಅಕ್ಕ ಬಟ್ಟೆಯನ್ನು ಸೂಜಿಯಡಿಗೆ ಎಳೆದುಕೊಂಡಳು. ಯಂತ್ರ ಮತ್ತೆ ಶುರುವಾಯಿತು. ಆ ಸಂಜೆ ಮೂರು ಕಾಲರ್‌ಗಳನ್ನು ಅವಳು ತಿರುಗುಮುರುಗಾಗಿ ಹೊಲಿದಿದ್ದಳು.

ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ನಿಲ್ದಾಣ ಕಿಟಕಿಯನ್ನು ನೋಡಿ, ಮೂರನೆಯದಕ್ಕೆ ಎದ್ದು ಮುಂದೆ ಹೋಗಿ ನಿಂತಳು. ಗೇಜಕ್ಕ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳಲಿಲ್ಲ. ಕೈ ಎರಡು ಸಲ ಮೇಲೆ ಬಂದಿತ್ತು, ಎರಡು ಸಲವೂ ಕೆಳಗಿಳಿಸಿ ಅದರ ಮೇಲೆ ಇನ್ನೊಂದು ಕೈಯಿಟ್ಟಳು. ಗೇಟಿನಲ್ಲಿ ಕಾವಲುಗಾರ ನಮಸ್ಕಾರಕ್ಕೆ ಎತ್ತಿದ ಕೈಯನ್ನು ಅರ್ಧಕ್ಕೇ ಮರೆತ.

ಪರೀಕ್ಷೆಯ ಕೋಣೆಯಲ್ಲಿ ಮೇಸ್ತ್ರಿ ಹನ್ನೊಂದು ಬಟ್ಟಲು ಸಜ್ಜು ಮಾಡಿಟ್ಟಿದ್ದ. ಒಂದೊಂದರಲ್ಲೂ ಟೇಪು ಸುತ್ತಿದ ಮೂರು ರೇಜರು, ಒಂದು, ಎರಡು, ಮೂರು ಎಂದು ಗುರುತು. ಯಾವುದು ಯಾರದೆಂಬ ಚೀಟಿ ಅವನ ಜೇಬಿನಲ್ಲಿತ್ತು. ಈ ಸಲ ಅವನು ಯಾರ ಕಿವಿಗೂ ಊದಿರಲಿಲ್ಲ. ಅವಳ ಹಿಂದೆಯೇ ಬಂದ ಕಾವಲುಗಾರನೂ ಸೇರಿ ಹತ್ತು ಜನವೂ ಅವಳನ್ನು ನೋಡಿದರು, ಆಮೇಲೆ ತಮ್ಮತಮ್ಮ ಕನ್ನಡಿಗಳನ್ನು ನೋಡಿದರು.

ಮ್ಯಾನೇಜರ್ ಬಾಗಿಲಲ್ಲಿ ನಿಂತು ತಲೆಗಳನ್ನು ಎಣಿಸಿದರು. “ಎಲ್ಲಿ ನಿಮ್ಮ ಹನ್ನೊಂದನೇ ಮುಖ?”

“ಬಂದಿದೆ ಸಾರ್.” ಅವಳು ಅವರ ಕಡೆಗೆ, ಕಿಟಕಿಯ ಬೆಳಕಿಗೆ, ಪೂರ್ತಿ ತಿರುಗಿದಳು.

“ಇದೇನಮ್ಮ ಇದು?”

“ಗಡ್ಡ ಸಾರ್. ಎರಡು ದಿನದ್ದು. ನಿಯಮದ ಪ್ರಕಾರ.”

ಯಾರೋ ಕೆಮ್ಮಿದರು. ಇದ್ದದ್ದು ಹತ್ತೇ ಬೇಸಿನ್ನು. ಅವಳು ಎಲ್ಲಿ ನಿಲ್ಲುವುದೆಂದು ತಿಳಿಯದೆ ಟವೆಲನ್ನು ಕುತ್ತಿಗೆಗೆ ಸುತ್ತುತ್ತಿರುವಾಗ ರೇಡಿಯೋ ತನ್ನ ಮಗ್ಗನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ. “ಬನ್ನಿ,” ಎಂದ, ಅವಳ ಕಡೆ ನೋಡದೆ. “ಇಲ್ಲಿ ನೀರು ಚೆನ್ನಾಗಿ ಕಾದಿದೆ.”

ಅವಳು ಬ್ರಷ್ಷು ಸುತ್ತಿ ನೊರೆ ಎಬ್ಬಿಸಿದಳು. ಮುಖಕ್ಕೆ ಹಚ್ಚಿಕೊಂಡಳು. ಅದು ದಿನಾ ಮಾಡುವ ಕೆಲಸ, ಕೈಗೆ ಗೊತ್ತಿತ್ತು.

ಒಂದನೆಯ ರೇಜರನ್ನು ಎಡಗೆನ್ನೆಗೆ ಇಟ್ಟಳು. ನಾಲ್ಕು ಎಳೆತ ಒಂದು ಅಂಚಿನಲ್ಲಿ, ತಿರುಗಿಸಿ ನಾಲ್ಕು ಇನ್ನೊಂದರಲ್ಲಿ. “ತೂಕ ಜಾಸ್ತಿ,” ಎಂದಳು ಕನ್ನಡಿಗೆ. “ನಿಧಾನ. ಎರಡು ಕಡೆಯೂ ಒಂದೇ ಸಮ. ಇದು ನಮ್ಮದಲ್ಲ.” ಎರಡನೆಯದನ್ನು ಬಲಗೆನ್ನೆಗೆ ಇಟ್ಟಳು. ಮೊದಲ ಅಂಚು ಚೆನ್ನಾಗಿ ಓಡಿತು, ಒಂದನೆಯದಕ್ಕಿಂತಲೂ ಚೆನ್ನಾಗಿ. ಇಷ್ಟು ಚೆನ್ನಾಗಿತ್ತೇ ನಮ್ಮದು? ರೇಜರನ್ನು ತಿರುಗಿಸಿದಳು. ದವಡೆಯ ಮೂಳೆಯ ಕೆಳಗೆ, ಚರ್ಮ ಮೆತ್ತಗಿರುವ ಕಡೆ, ಬ್ಲೇಡು ಒಮ್ಮೆ ತಡವರಿಸಿ ಕಚ್ಚಿತು.

“ಇದು ನಮ್ಮದು,” ಎಂದಳು.

ಮೇಸ್ತ್ರಿ ಜೇಬಿನಿಂದ ಚೀಟಿ ತೆಗೆದು ಓದಿದ. ಇನ್ನೊಮ್ಮೆ ಓದಿದ. “ಎರಡನೇದು. ಹೌದು ಸಾರ್, ನಮ್ಮದೇ.”

ಮ್ಯಾನೇಜರ್ ಹತ್ತಿರ ಬಂದರು. “ಒಂದು ಮುಖ,” ಎಂದರು. “ಒಂದು ಮುಖ ಹೇಳಿದ್ದಕ್ಕೆ ಅಚ್ಚು ಬದಲಾಯಿಸಿ, ಲಾರಿ ನಿಲ್ಲಿಸೋಕಾಗುತ್ತಾ? ಅದೂ...”

“ಅದೂ ಏನು ಸಾರ್?”

ಅವಳ ಗಲ್ಲದ ಮೇಲೆ ಇನ್ನೂ ನೊರೆಯಿತ್ತು. ಬಲ ದವಡೆಯ ಕೆಳಗೆ ಸಾಸಿವೆ ಕಾಳಿನಷ್ಟು ರಕ್ತ ಮೂಡಿತ್ತು. ಅವಳು ಒರೆಸಿಕೊಳ್ಳದೆ ಅವರನ್ನೇ ನೋಡುತ್ತಿದ್ದಳು. ಮ್ಯಾನೇಜರ್ ಉತ್ತರಕ್ಕಾಗಿ ಗಂಡಸರ ಸಾಲಿನ ಕಡೆ ನೋಡಿದರು. ಅಲ್ಲಿ ಯಾರೂ ನಗಲಿಲ್ಲ.

“ಎರಡನೇದರ ಎರಡನೇ ಅಂಚು ಅಂದ್ರಾ ಗೇಜಕ್ಕ?” ಎಂದು ರೇಡಿಯೋ ಕೇಳಿದ.

“ಹ್ಞೂಂ. ದವಡೆ ಕೆಳಗೆ. ಮೆಲ್ಲಗೆ.”

ಅವನು ತನ್ನ ಬಟ್ಟಲಿನಿಂದ ರೇಜರ್ ಎತ್ತಿಕೊಂಡು ತಲೆ ಹಿಂದಕ್ಕೆ ಬಾಗಿಸಿದ. ಒಂದು ಅಂಚಿನಲ್ಲಿ ಎಳೆದ. ಹಿಡಿಯನ್ನು ಬೆರಳುಗಳ ನಡುವೆ ತಿರುಗಿಸಿದ. ಅವನ ಪಕ್ಕದ ಪಾಲಿಶ್‌ನವನು ತಿರುಗಿಸಿದ. ಆಮೇಲೆ ಪ್ಯಾಕಿಂಗಿನ ಇಬ್ಬರು, ಆಮೇಲೆ ಉಳಿದವರು, ಕೊನೆಗೆ ಕಾವಲುಗಾರ. ಹತ್ತು ಕನ್ನಡಿಗಳಲ್ಲಿ ಹತ್ತು ಗಲ್ಲಗಳು ಮೇಲಕ್ಕೆದ್ದವು. ಗೇಜಕ್ಕ ಅರ್ಧ ನೊರೆಯ ಮುಖದಲ್ಲೇ ಹಲಗೆಯನ್ನು ಎತ್ತಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ಯಾರು ಮೊದಲು ಹೇಳುತ್ತಾರೆಂದು ಕಾಯುತ್ತಾ ನಿಂತಳು.