ಗಾಣದವನ ನಾಲಿಗೆ

ಐವತ್ತು ವರ್ಷ ಎಣ್ಣೆ ತೆಗೆದವನ ನಾಲಿಗೆಗೆ ಮೋಸ ಮಾಡುವುದು ಸುಲಭವಲ್ಲ. ಬೆರಳ ತುದಿಯಲ್ಲಿ ಒಂದು ಹನಿ ಮುಟ್ಟಿಸಿಕೊಂಡರೆ ಸಾಕು, ಕಾಳು ಹಳೆಯದೋ ಹೊಸದೋ, ಯಾರು ಏನು ಬೆರೆಸಿದರೋ, ಗಾಣದವನು ಹೇಳಿಬಿಡುತ್ತಿದ್ದ. ಬೀದಿಯ ಅಂಗಡಿಯವರು ಜಗಳ ಹತ್ತಿದರೆ ಬಾಟಲಿ ಹಿಡಿದು ಅವನ ಬಾಗಿಲಿಗೇ ಬರುತ್ತಿದ್ದರು. ಅವನು ನೆಕ್ಕಿ ಹೇಳಿದ ಮೇಲೆ ಎದುರಾಡುವವರಿರಲಿಲ್ಲ.

ಅವನ ಮೊಮ್ಮಗಳಿಗೆ ಆರು ವರ್ಷ. ಒಂದು ಕಡೆ ಕೂರದ ಹುಡುಗಿ, ಹಾಗಾಗಿ ಬುಗುರಿ ಅಂತಲೇ ಕರೆಯುತ್ತಿದ್ದರು. ಹಾಲುಹಲ್ಲು ಮೂಡುವ ಮೊದಲೇ ಅವಳಿಗೆ ಫಿಟ್ಸ್ ಅಂಟಿಕೊಂಡಿತ್ತು. ಮೂರು ಬಗೆಯ ಮಾತ್ರೆ ಆದವು, ವಾರಕ್ಕೆ ಹತ್ತು ಸಲ ಬೀಳುವುದು ನಿಲ್ಲಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮಾತ್ರೆಯ ಜೊತೆಗೆ ಒಂದು ಎಣ್ಣೆ ಬರೆದುಕೊಟ್ಟರು. ಸಿಬಿಡಿ ಎಣ್ಣೆ.

"ಗಾಂಜಾ ಜಾತಿ ಗಿಡದಿಂದ ತೆಗೆದಿದ್ದು, ಆದ್ರೆ ಅಮಲು ಬರಿಸೋ ಅಂಶ ಇದರಲ್ಲಿಲ್ಲ," ಎಂದಿದ್ದರು. "ಮಿದುಳಲ್ಲಿ ಒಮ್ಮೆಗೇ ಏಳೋ ಗದ್ದಲಾನ ಇದು ತಗ್ಗಿಸುತ್ತೆ. ಬೆಳಗ್ಗೆ ಸಂಜೆ, ಊಟದ ಜೊತೆ. ನಿದ್ದೆ ಜಾಸ್ತಿ ಬರಬಹುದು, ಹಸಿವು ಕಮ್ಮಿ ಆಗಬಹುದು. ಲಿವರ್‌ಗೆ ರಕ್ತ ಪರೀಕ್ಷೆ ಮಾಡಿಸ್ತಿರ್ಬೇಕು. ಏನೇ ಆಗ್ಲಿ, ನನ್ನ ಕೇಳದೆ ನಿಲ್ಲಿಸ್ಬೇಡಿ."

ಇದನ್ನೆಲ್ಲ ಕೇಳಿಸಿಕೊಂಡು ಬಂದವಳು ಸೊಸೆ. ಮಗ ಲಾರಿಯ ಮೇಲೆ ದೂರದ ಓಡಾಟದಲ್ಲಿದ್ದ. ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುವವಳು. ಗಡಿಯಾರ ನೋಡಿ, ಸಿರಿಂಜಿನಲ್ಲಿ ಗೀಟಿನಿಂದ ಗೀಟಿಗೆ ಅಳೆದು, ಮಗಳ ಕೆನ್ನೆಯೊಳಗೆ ಬಿಡುತ್ತಿದ್ದಳು. ಎರಡು ತಿಂಗಳಲ್ಲಿ ವಾರಕ್ಕೆ ಹತ್ತು ಇದ್ದದ್ದು ಒಂದಕ್ಕೆ ಇಳಿಯಿತು.

ಆದರೆ ಬುಗುರಿ ಮಂಕಾದಳು. ತಟ್ಟೆಯ ಮುಂದೆ ಕೂತಲ್ಲೇ ತೂಕಡಿಕೆ. ಎರಡು ತುತ್ತಿಗೆ ತಲೆ ಅಲ್ಲಾಡಿಸುತ್ತಿದ್ದಳು. ತಾತನ ಹಿಂಡಿಯ ಮೂಟೆ ಹತ್ತಿ ಕುಣಿಯುತ್ತಿದ್ದವಳು ಅದೇ ಮೂಟೆಗೆ ಒರಗಿ ಮಲಗಿಬಿಡುತ್ತಿದ್ದಳು. ಗಾಣದವನು ಅವಳ ತಲೆಯಡಿಗೆ ತನ್ನ ಟವೆಲು ಮಡಚಿ ಇಡುತ್ತಿದ್ದ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬಾಟಲಿಯ ಮುಚ್ಚಳ ತೆಗೆದು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡ. ಮೊದಲು ಸ್ಟ್ರಾಬೆರಿ ವಾಸನೆ, ಆಮೇಲೆ ಸಿಹಿ, ಅದರ ಅಡಿಯಲ್ಲಿ ಅವನ ಹಳೇ ಪರಿಚಯದ ರುಚಿ. ಎಳ್ಳೆಣ್ಣೆ!

ಸಂಜೆ ಸೊಸೆ ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದ. "ಏನಮ್ಮಾ, ಎಣ್ಣೆ ಮಾಡೋರ ಮನೆಗೇ ಎಣ್ಣೆ ಮಾರಿದ್ದಾರಲ್ಲ!"

"ಯಾವ ಎಣ್ಣೆ ಮಾವ?"

"ನಿನ್ನ ಡಾಕ್ಟರಮ್ಮನ ಎಣ್ಣೆ. ಎಳ್ಳೆಣ್ಣೆ ಅದು. ಶೋಧಿಸಿ, ಶೋಧಿಸಿ ಜೀವ ತೆಗೆದಿದ್ದಾರೆ ಅಷ್ಟೆ."

"ಮಗು ಔಷಧೀನ ನೆಕ್ಕಿದ್ರಾ?"

"ನೆಕ್ಕದೆ ಹೇಗೆ ಗೊತ್ತಾಗುತ್ತೆ?"

"ಎಳ್ಳೆಣ್ಣೇಲಿ ಔಷಧಿ ಕರಗಿಸಿರ್ತಾರೆ ಮಾವ, ಡಬ್ಬಿ ಮೇಲೇ ಬರೆದಿದೆ. ಫಿಟ್ಸ್ ಕಮ್ಮಿ ಆಗಿಲ್ವಾ?"

"ಅದು ಮಾತ್ರೆ ಈಗ ಮೈಗೆ ಹಿಡೀತು. ಈ ಎಣ್ಣೆ ಮಗೂನ ಬೊಂಬೆ ಮಾಡ್ತಿದೆ."

"ನಿಮ್ಮ ಮೊಲಕ್ಕೆ ಮೂರೇ ಕಾಲು," ಎಂದು ಸೊಸೆ ಸೋತು ನಕ್ಕು ಒಳಗೆ ಹೋದಳು.

ಆ ನಗು ಅವನನ್ನು ಚುಚ್ಚಿತು. ಓದು ಬಾರದವನು ಅಂತ ಅಲ್ಲವೇ ಈ ನಗು? ಡಬ್ಬಿಯ ಮೇಲಿನ ಅಕ್ಷರ ದೊಡ್ಡದು, ಐವತ್ತು ವರ್ಷದ ನಾಲಿಗೆ ಸಣ್ಣದು.

ಮರುದಿನ ಬೇಕರಿಯವನಿಂದ ಸ್ಟ್ರಾಬೆರಿ ಎಸೆನ್ಸ್ ತಂದ. ಬಾಟಲಿಯ ಎಣ್ಣೆಯನ್ನು ಗಾಣದ ಅಚ್ಚಿಗೆ ಕೀಲೆಣ್ಣೆಯಂತೆ ಸುರಿದ. ಖಾಲಿಯಾದ ಬಾಟಲಿಗೆ ತನ್ನ ಕೈಯಾರೆ ತೆಗೆದ ತಿಳಿ ಎಳ್ಳೆಣ್ಣೆ ತುಂಬಿಸಿ, ಎಸೆನ್ಸ್ ಹಾಕಿ, ನುಣ್ಣಗೆ ಅರೆದ ಸಕ್ಕರೆ ಕಲಕಿ, ಮೊದಲಿದ್ದ ಜಾಗದಲ್ಲೇ ಇಟ್ಟ. ಒಂದು ತಿಂಗಳು ಕಳೆಯಲಿ, ಮಗ ಬಂದಾಗ ಇಬ್ಬರನ್ನೂ ಕೂರಿಸಿ ಹೇಳಿದರಾಯಿತು ಎಂದುಕೊಂಡ.

ಸೊಸೆ ಎಂದಿನಂತೆ ಗಡಿಯಾರ ನೋಡಿದಳು, ಗೀಟಿನಿಂದ ಗೀಟಿಗೆ ಅಳೆದಳು, ಕೊಟ್ಟಳು.

ನಾಲ್ಕನೇ ದಿನಕ್ಕೆ ಬುಗುರಿ ಹಸಿವು ಅಂದಳು! ಆರನೇ ದಿನ ಮೂಟೆ ಹತ್ತಿದಳು. "ತಾತ, ನಿನ್ನ ಮೀಸೇನೂ ಗಾಣಕ್ಕೆ ಹಾಕಿದ್ರೆ ಎಷ್ಟೆಣ್ಣೆ ಬರುತ್ತೆ?" ಎಂದು ಕೇಳಿ ತಾನೇ ಬಿದ್ದುಬಿದ್ದು ನಕ್ಕಳು. ಗಾಣದವನು ಗಾಣದ ಮೋಟರು ನಿಲ್ಲಿಸಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯುದ್ದಕ್ಕೂ ತಿರುಗಿದ. ಬೇಕರಿಯವನು "ಏನಜ್ಜ, ಕಳೆದುಹೋದ ಯೌವನ ಸಿಕ್ತಾ?" ಅಂದ. ಅಷ್ಟು ಸುಖದ ದಿನಗಳನ್ನು ಅವನು ಹೆಂಡತಿ ಬದುಕಿದ್ದಾಗಲೂ ಕಂಡಿರಲಿಲ್ಲ.

ಹನ್ನೆರಡನೇ ಬೆಳಿಗ್ಗೆ ಶಾಲೆಯ ಅಂಗಿ ಹಾಕಿಕೊಳ್ಳುತ್ತಿದ್ದವಳು ಬಿದ್ದಳು. ಯಾವಾಗಲೂ ಎರಡು ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಈ ಸಲ ನಿಲ್ಲಲಿಲ್ಲ. ತುಟಿ ನೀಲಿಗಟ್ಟಿತು. ಆಟೋದಲ್ಲಿ ಸೊಸೆಯ ತೊಡೆಯ ಮೇಲೆ ಆ ಪುಟ್ಟ ಮೈ ಅದುರುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನಿಲ್ಲಿಸುವ ಹೊತ್ತಿಗೆ ಅರ್ಧ ಗಂಟೆಯ ಮೇಲಾಗಿತ್ತು.

ಸಂಜೆ ಡಾಕ್ಟರಮ್ಮ ಸೊಸೆ, ಮಾವ ಇಬ್ಬರನ್ನೂ ಕರೆದರು.

"ಔಷಧಿ ಒಂದು ಹೊತ್ತೂ ತಪ್ಪಿಲ್ವಾ?"

"ನನ್ನ ಊಟ ತಪ್ಪಿರಬಹುದು ಮೇಡಂ, ಅದು ತಪ್ಪಿಲ್ಲ."

"ಹಾಗಾದ್ರೆ ಎಣ್ಣೆ ಈ ಮಗೂಗೆ ಇನ್ನು ಹಿಡಿಯಲ್ಲ ಅನ್ಸುತ್ತೆ. ನಿಲ್ಲಿಸಿಬಿಡೋಣ. ಬೇರೆ ದಾರಿ ನೋಡೋಣ. ಆದ್ರೆ ಉಳಿದಿರೋ ದಾರಿ ಒಂದೂ ಸಲೀಸಿಲ್ಲ."

ಗಾಣದವನು ನೆಲ ನೋಡುತ್ತಿದ್ದ. ಬಾಯಿ ಬಿಡದಿದ್ದರೆ ತನ್ನ ಮಾನ ಉಳಿಯುತ್ತದೆ, ಮಗುವಿಗೆ ಹಿಡಿದಿದ್ದ ಒಂದೇ ಔಷಧಿ ಹೋಗುತ್ತದೆ.

"ಆ ಎಣ್ಣೆ ನಿಲ್ಲಿಸ್ಬೇಡಿ ತಾಯಿ," ಅಂದ. "ಹನ್ನೊಂದು ದಿನದಿಂದ ಮಗು ಅದನ್ನ ಕುಡಿದೇ ಇಲ್ಲ. ಬಾಟಲೀಲಿರೋದು ನನ್ನ ಗಾಣದ್ದು. ನಿಮ್ದೂ ಬರೀ ಎಳ್ಳೆಣ್ಣೆ, ಮಗೂನ ನಿದ್ದೆಗೆ ಕೆಡವ್ತಿದೆ ಅಂತ ಬದಲಾಯಿಸ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನೀವು ಹೇಳಿದ್ದು ಸರಿ ಯಜಮಾನ್ರೇ, ಅದು ಎಳ್ಳೆಣ್ಣೇನೇ. ಔಷಧಿಗೆ ಅದು ಬರೀ ಗಾಡಿ. ಒಳಗೆ ಕೂತಿರೋದು ನಾಲಿಗೆಗೆ ಸಿಗಲ್ಲ. ಅಷ್ಟೊಂದು ನಿದ್ದೆ ಬರ್ತಿತ್ತು ಅಂತಿದ್ರೆ ಒಂದು ಮಾತು ಹೇಳ್ಬೇಕಿತ್ತು. ಈ ಎಣ್ಣೆ ಅವಳ ಮಾತ್ರೆ ಬಲಾನ ಏರಿಸಿಬಿಡುತ್ತೆ, ಮಂಪರು ಅದರದ್ದು. ಮಾತ್ರೆ ಅರ್ಧ ಇಳಿಸಿದ್ರೆ ಮಗು ಎದ್ದು ಓಡಾಡ್ತಿತ್ತು."

ಅಷ್ಟೇ ಸಾಕಿತ್ತು. ಒಂದು ಮಾತು.

ಹೊರಗಿನ ಬೆಂಚಿನಲ್ಲಿ ಸೊಸೆ ಅವನ ಕಡೆ ತಿರುಗದೆಯೇ ಹೇಳಿದಳು. "ನಾನೇ ಅಳೆದು ಕೊಟ್ಟೆ ಮಾವ. ಹನ್ನೊಂದು ದಿನ. ನನ್ನ ಕೈಯಿಂದಲೇ ಕೊಡಿಸಿದ್ರಿ."

ಎಣ್ಣೆ ಮತ್ತೆ ಕನಿಷ್ಠ ಅಳತೆಯಿಂದ ಶುರುವಾಯಿತು, ಮಾತ್ರೆ ಅರ್ಧಕ್ಕಿಳಿಯಿತು. ಫಿಟ್ಸ್ ನಿಧಾನವಾಗಿ ತಗ್ಗಿತು. ನಿದ್ದೆಯೂ ತಗ್ಗಿತು. ಆದರೆ ಬುಗುರಿ ಈಗ ಮಾತಿನ ನಡುವೆ ನಿಂತುಬಿಡುತ್ತಾಳೆ. ಚಮಚವನ್ನು ಎದುರಿಗಿಟ್ಟುಕೊಂಡು ಅದರ ಹೆಸರಿಗಾಗಿ ಹುಡುಕುತ್ತಾಳೆ. ಆ ಅರ್ಧ ಗಂಟೆಯಲ್ಲಿ ಹೋದ ಮಾತು ಮರಳಿ ಬರಬಹುದು, ಬಾರದೆಯೂ ಇರಬಹುದು ಅನ್ನುತ್ತಾರೆ ಡಾಕ್ಟರಮ್ಮ.

ಸೊಸೆ ಜಗಳವಾಡಲಿಲ್ಲ, ಮಗನಿಗೆ ದೂರು ಹೇಳಲಿಲ್ಲ, ಮಾವನಿಗೆ ಹೊತ್ತುಹೊತ್ತಿಗೆ ಊಟ ಬಡಿಸುವುದನ್ನೂ ಬಿಡಲಿಲ್ಲ. ಔಷಧಿಯ ಬಾಟಲಿಯನ್ನು ಮಾತ್ರ ಕೈಚೀಲದಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಾಳೆ. ಹಾಗೇ ಒಂದು ದಿನ ಬರುವಾಗ ಮೂಲೆಯಂಗಡಿಯಿಂದ ಒಂದು ಪೊಟ್ಟಣ ಅಡುಗೆ ಎಣ್ಣೆ ತಂದಳು. ಗಾಣದ ಮನೆಗೆ ಅಂಗಡಿಯ ಎಣ್ಣೆ ಬಂದದ್ದು ಅದೇ ಮೊದಲು.

ಮೊದಲ ತುತ್ತಿಗೇ ಅವನಿಗೆ ಗೊತ್ತಾಯಿತು, ಅದು ಯಾವ ಕಾಳಿನದು, ಎಷ್ಟು ಹಳೆಯದು ಎಂದು. ತಲೆ ಎತ್ತದೆ ಉಂಡ.

"ಉಪ್ಪು ಸರಿಯಾಗಿದ್ಯಾ ಮಾವ?"

"ಸರಿಯಾಗಿದೆಯಮ್ಮ," ಅಂದ.